ಋಣಚಿಂತೆ

ಧನನಾಶಕ್ಕಿಂತಲೂ ಋಣಚಿಂತೆಯು ಮನಸ್ಸನ್ನು ಹೆಚ್ಚಾಗಿ ದಹಿಸುವುದೆಂಬುದಕ್ಕೆ ಸ್ಕಾಟ್ಲೆಂಡಿನ ಕಾದಂಬರಿಕಾರನಾದ ಸರ್ ವಾಲ್ಟರ್ ಸ್ಕಾಟನ ಚರಿತ್ರೆಯೇ ನಿದರ್ಶನವು. ೧೮೨೬ನೆಯ ಜನವರಿಯಲ್ಲಿ ಆತನು ಪಾಲುಗೊಂಡಿದ್ದ ಮುದ್ರಣಾಲಯವು ದಿವಾಳಿಯಾಗಲು, ಸುಮಾರು ೧,೨೦,೦೦೦ ಪೌಂಡುಗಳ ಸಾಲವು ಆತನ ತಲೆಗೆ ಬಂದಿತು. ಅದೇ ಮೇ ತಿಂಗಳಲ್ಲಿ ಪತ್ನೀವಿಯೋಗವೂ ಒದಗಿತು. ದಿವಾಳಿಯೆಂದು ಸಾರಿ ಬಿಡುಗಡೆ ಹೊಂದಲು ಒಪ್ಪದೆ, ಲೇಖನಿಯಿಂದಲೇ ಸಾಲವನ್ನು ತೀರಿಸುವೆನೆಂದು ಆತನು ಪಣತೊಟ್ಟನು. ೧೮೨೭ರಲ್ಲಿ ನೆಪೋಲಿಯನ್ನನ ಚರಿತ್ರೆಯು ಒಂಬತ್ತು ಸಂಪುಟಗಳಾಗಿ ಹೊರಬಿದ್ದಿತು. ಎದೆಯ ಕಳವಳವನ್ನು ದಿನಚರಿಗೆ ಒಪ್ಪಿಸುತ್ತ, ಮರುದಿನ ಮತ್ತೆ ಬರೆಯಲು ಕುಳಿತುಕೊಳ್ಳುತ್ತಿದ್ದನು.

೧೮೩೦ರಲ್ಲಿ ಪಾರ್ಶ್ವವಾಯುವು ಬಡಿಯಿತು. ಸಾಲಕೊಟ್ಟವರು ಆತನ ಶ್ರಮಕ್ಕೆ ಮೆಚ್ಚಿ, ಪುಸ್ತಕಭಂಡಾರವನ್ನು ಆತನಿಗೇ ಮರಳಿ ಒಪ್ಪಿಸಿದರು. ಆದರೆ ದೇಹದೊಡನೆ ಬುದ್ಧಿಯೂ ಕುಗ್ಗಿದ್ದಿತು. ೧೮೩೧ರಲ್ಲಿ ಆರೋಗ್ಯಾರ್ಥವಾಗಿ ಇಟಲಿಗೆ ತೆರಳಿದ ಪ್ರವಾಸಕಾಲದಲ್ಲಿ, ಸಾಲವೆಲ್ಲ ತೀರಿತೆಂಬ ಭ್ರಮೆಯು ಆತನನ್ನು ಆವರಿಸಿತು. ಐದು ವರ್ಷಗಳ ದುಡಿಮೆಯಿಂದ ದೊರೆಯದ ನೆಮ್ಮದಿಯು ಆ ಭ್ರಾಂತಿಯಿಂದ ದೊರೆಯಿತು. ೧೮೩೨ನೆಯ ಸೆಪ್ಟೆಂಬರ್ ೨೧ರಂದು ಆತನು ಗತಿಸಿದನು. ಉಳಿದ ಸಾಲವು ತೀರಿದುದು ಆ ಬಳಿಕ, ಆತನ ಜೀವವಿಮೆಯ ಹಣದಿಂದಲೂ ಗ್ರಂಥಗಳ ಆದಾಯದಿಂದಲೂ.