ವಾರಾನ್ನದಿಂದ ಖಾನಾವಳಿಗೆ

ವಿಶ್ವವಿದ್ಯಾಲಯಗಳ ಚರಿತ್ರೆ ಬರೆಯುವವರು ಕುಲಪತಿಗಳ ಹೆಸರು, ಕಟ್ಟಡಗಳ ಶಂಕುಸ್ಥಾಪನೆ, ವಿಭಾಗಗಳು ಆರಂಭವಾದ ವರ್ಷ ಇವನ್ನೆಲ್ಲ ತಪ್ಪದೆ ದಾಖಲಿಸುತ್ತಾರೆ. ವಿದ್ಯಾರ್ಥಿ ಎಲ್ಲಿ ಮಲಗಿದ, ಯಾರ ಮನೆಯಲ್ಲಿ ಉಂಡ ಎಂಬುದು ಅಲ್ಲಿ ಸಿಗುವುದು ಅಪರೂಪ. ಆದರೆ ಶಿರಸಿ ತಾಲೂಕಿನ ಹುಲೇಕಲ್‌ನಂಥ ಊರಿನಿಂದ ಎಂ.ಎ. ಓದಲು ಹೊರಟವರಿಗೆ ಮೊದಲ ಪ್ರಶ್ನೆಯೇ ಅದು. ಸೀಟು ಅಂಕಗಳಿಂದ ಸಿಗುತ್ತದೆ. ಎರಡು ವರ್ಷ ಅಲ್ಲಿ ಉಳಿಯುವುದು ಮಾತ್ರ ಊಟ, ವಸತಿ ಹೊಂದಿದರೆ.

ಹುಲೇಕಲ್ಲಿನವರು ಓದಲು ಬಯಲುಸೀಮೆಯತ್ತ ಮುಖ ಮಾಡಿದ್ದಕ್ಕೆ ಕಾರಣವಿದೆ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಅಲ್ಲಿಂದ ಮುಂದೆ ಪದವಿ ಬೇಕೆಂದರೆ 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯವೇ ಗತಿ. ಧಾರವಾಡದವರೇ ಆದ ಬೇಂದ್ರೆಯವರು ಕೂಡ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಮುಗಿಸಿದರು. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮೊದಲಾದವರ ಪ್ರಯತ್ನದಿಂದ 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿ, ಮರುವರ್ಷ ಧಾರವಾಡಕ್ಕೆ ಬಂತು. 1954ರಿಂದ 1967ರವರೆಗೆ ಕುಲಪತಿಗಳಾಗಿದ್ದ ಡಿ.ಸಿ. ಪಾವಟೆಯವರ ಕಾಲದಲ್ಲಿ ಛೋಟಾ ಮಹಾಬಳೇಶ್ವರದ ಗುಡ್ಡದ ಮೇಲೆ ಅದರ ಕಟ್ಟಡಗಳು ಎದ್ದವು. ಪುಣೆ, ಮುಂಬಯಿ ಎನ್ನುತ್ತಿದ್ದ ಮಲೆನಾಡಿನ ವಿದ್ಯಾರ್ಥಿಗೆ ಸ್ನಾತಕೋತ್ತರ ಓದು ಒಂದು ಹಗಲಿನ ಬಸ್ ಪ್ರಯಾಣದಷ್ಟು ಹತ್ತಿರವಾಯಿತು.

ಆದರೆ ಹತ್ತಿರವಾದದ್ದು ತರಗತಿ, ಅನ್ನವಲ್ಲ. ಹಿಂದಿನ ತಲೆಮಾರಿನ ಬಡ ಬ್ರಾಹ್ಮಣ ಹುಡುಗರು ಇದಕ್ಕೆ ಕಂಡುಕೊಂಡಿದ್ದ ದಾರಿ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆ. ಏಳೂ ಮನೆ ಗೊತ್ತಾದವನು ಪುಣ್ಯವಂತ. ಐದೇ ಸಿಕ್ಕವನಿಗೆ ಎರಡು ದಿನ ಅರೆಹೊಟ್ಟೆ. ಯಾವುದೋ ಮನೆಯಲ್ಲಿ ಸೂತಕವೆಂದರೆ ಆ ದಿನದ ಊಟಕ್ಕೂ ಸಂಚಕಾರ. ಹಂಗು, ಸಂಕೋಚಗಳನ್ನು ನುಂಗಿಕೊಂಡೇ ಊಟ ಮಾಡಬೇಕಿತ್ತು. ಆದರೂ ಇದು ಅನೇಕರನ್ನು ಓದಿಸಿದ ವ್ಯವಸ್ಥೆ ಎಂಬುದನ್ನು ಮರೆಯುವಂತಿಲ್ಲ.

ಅದರ ಇನ್ನೊಂದು ಮುಖವನ್ನೂ ನೋಡಬೇಕು. ವಾರಾನ್ನ ಜಾತಿಯ ಹೊಸ್ತಿಲನ್ನು ದಾಟಲಿಲ್ಲ. ಅದೇ ಹುಲೇಕಲ್ಲಿನ ಹಾಲಕ್ಕಿ, ನಾಯ್ಕ ಅಥವಾ ದಲಿತ ಕುಟುಂಬದ ಹುಡುಗನಿಗೆ ಆ ಏಳು ಮನೆಗಳ ಬಾಗಿಲು ತೆರೆಯುತ್ತಿರಲಿಲ್ಲ. ಹೆಣ್ಣುಮಕ್ಕಳಂತೂ ಈ ಲೆಕ್ಕಕ್ಕೇ ಬರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮಠಗಳೂ ಸಮುದಾಯಗಳೂ ವಿದ್ಯಾರ್ಥಿನಿಲಯಗಳನ್ನು ಕಟ್ಟಲು ಮುಂದಾದದ್ದು ಇದೇ ಕೊರತೆಯಿಂದ. ಧಾರವಾಡದ ಮುರುಘಾಮಠದ ಪ್ರಸಾದನಿಲಯ ಅವುಗಳಲ್ಲಿ ಹೆಸರಾದದ್ದು. ಈ ಮಾತು ನಮ್ಮ ನಾಡಿಗಷ್ಟೇ ಸಲ್ಲುವುದಿಲ್ಲ. ಪ್ಯಾರಿಸ್ಸಿನ ಪ್ರಸಿದ್ಧ ಸೋರ್ಬಾನ್ 1257ರ ಸುಮಾರಿಗೆ ಆರಂಭವಾದದ್ದೇ ಬಡ ಧರ್ಮಶಾಸ್ತ್ರ ವಿದ್ಯಾರ್ಥಿಗಳ ವಸತಿಗೆಂದು.

ವಿಶ್ವವಿದ್ಯಾಲಯ ಗುಡ್ಡವೇರಿದ ಮೇಲೆ ಅದರ ಸುತ್ತಲಿನ ಬಡಾವಣೆಗಳ ಬದುಕೂ ಬದಲಾಯಿತು. ಸಪ್ತಾಪುರ, ಕಲ್ಯಾಣನಗರಗಳಲ್ಲಿ ಮನೆಯ ಹಿಂಬದಿಯ ಖೋಲಿ ಬಾಡಿಗೆಗೆ ಬಂತು. ಹಾಸ್ಟೆಲ್ ಸಿಗದವರಿಗೆ ಖೋಲಿ, ಖೋಲಿಯವರಿಗೆ ಖಾನಾವಳಿ. ವಾರಾನ್ನದಲ್ಲಿ ಊಟ ದಾನವಾಗಿತ್ತು, ಖಾನಾವಳಿಯಲ್ಲಿ ತಿಂಗಳ ಲೆಕ್ಕವಾಯಿತು. ದುಡ್ಡು ಕೊಟ್ಟು ಉಣ್ಣುವವನಿಗೆ ಹಂಗಿಲ್ಲ. ಅನ್ನ, ತಂಬುಳಿಗಳ ನಾಲಿಗೆಗೆ ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿ ರೂಢಿಯಾಗಲು ಕೆಲವು ತಿಂಗಳು ಬೇಕು, ಅಷ್ಟೇ. ಧಾರವಾಡದ ಸುತ್ತಣ ಹಳ್ಳಿಗಳ ತಾಯಂದಿರು ಬೆಳಗಿನ ಬಸ್ಸಿಗೆ ಬುತ್ತಿ ಕಟ್ಟಿ ಕಳಿಸುವುದುಂಟು. ಶಿರಸಿಯಿಂದ ಹುಬ್ಬಳ್ಳಿಗೇ ಸುಮಾರು 100 ಕಿಲೋಮೀಟರ್, ಅಲ್ಲಿಂದ ಧಾರವಾಡಕ್ಕೆ ಮತ್ತೆ 20. ಅಷ್ಟು ದೂರಕ್ಕೆ ದಿನದ ಬುತ್ತಿ ನಡೆಯದು. ಆದ್ದರಿಂದ ಘಟ್ಟದ ಮೇಲಿನ ಮನೆಗಳಿಂದ ಬರುತ್ತಿದ್ದದ್ದು ಕೆಡದ ಪದಾರ್ಥ: ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ತುಪ್ಪ, ಚಟ್ನಿಪುಡಿ.

ತಿಂಗಳ ಲೆಕ್ಕಕ್ಕೂ ತೋಟದ ಲೆಕ್ಕಕ್ಕೂ ಹೊಂದಾಣಿಕೆಯಿಲ್ಲ ಎಂಬುದು ಅಡಿಕೆ ಸೀಮೆಯ ವಿಶೇಷ ತೊಡಕು. ಕಾಲೇಜಿನ ಶುಲ್ಕ ಕಟ್ಟುವುದು ಮಳೆಗಾಲದಲ್ಲಿ. ಅಡಿಕೆ ಕೊಯ್ಲು ಚಳಿಗಾಲದಲ್ಲಿ. ಕೊಯ್ದ ಮೇಲೂ ಸುಲಿದು, ಬೇಯಿಸಿ, ಒಣಗಿಸಬೇಕು. ಚಾಲಿಯಾದರೆ ಇನ್ನೂ ಹೆಚ್ಚು ದಿನ ಬಿಸಿಲು ಕಾಯಬೇಕು. ಮೆಸ್ಸಿನವರು ಅಲ್ಲಿಯವರೆಗೆ ಕಾಯುತ್ತಾರೆಯೇ? ಈ ನಡುವಿನ ತಿಂಗಳುಗಳನ್ನು ದಾಟಿಸಿದ್ದು ಸಹಕಾರಿ ಸಂಘಗಳು. ಶಿರಸಿಯಲ್ಲಿ 1923ರಲ್ಲಿ ಸ್ಥಾಪನೆಯಾದ ತೋಟಗಾರರ ಸಹಕಾರಿ ಮಾರಾಟ ಸಂಘದಂಥ ಸಂಸ್ಥೆಗಳು ಮುಂದೆ ಬರುವ ಅಡಿಕೆಯ ಮೇಲೆ ಮುಂಗಡ ಕೊಡುತ್ತಿದ್ದವು. ಅನೇಕ ಮನೆಗಳ ಪದವಿಗಳ ಹಿಂದೆ ಈ ಮುಂಗಡವಿದೆ. ತೋಟವೇ ಇಲ್ಲದವನಿಗೆ ಅದೂ ಇರಲಿಲ್ಲ.

ಅಂಥವರ ಪಾಲಿಗೆ ಸರ್ಕಾರ ಬಂದದ್ದು ತಡವಾಗಿ. 1970ರ ದಶಕದಲ್ಲಿ, ದೇವರಾಜ ಅರಸರ ಆಡಳಿತದಲ್ಲಿ, ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳಿಗೆ ಬಲ ಬಂತು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ-ವಸತಿಗೆಂದು ತಿಂಗಳಿಗೆ 1,500 ರೂಪಾಯಿ ಕೊಡುವ ‘ವಿದ್ಯಾಸಿರಿ’ ಯೋಜನೆ 2013-14ರಲ್ಲಿ ಆರಂಭವಾಯಿತು. ಏಳು ಮನೆಗಳು ಹೊರುತ್ತಿದ್ದ ಹೊಣೆಯನ್ನು ಜಾತಿಯ ಹೊಸ್ತಿಲಾಚೆಗೂ ಹೊರಲು ಸರ್ಕಾರ ಒಪ್ಪಿದಂತಾಯಿತು.

2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದರೂ ಉತ್ತರ ಕನ್ನಡ ಧಾರವಾಡದ ಜೊತೆಗೇ ಉಳಿಯಿತು. ಸಪ್ತಾಪುರದ ಖೋಲಿಗಳಿಗೆ ಈಗ ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುವವರ ಪೈಪೋಟಿಯೂ ಸೇರಿದೆ. ಹೊಸ ವಿಭಾಗ ತೆರೆಯುವಾಗ ಎಷ್ಟು ಸೀಟು ಎಂದು ಕೇಳುವ ನಾವು, ಎಷ್ಟು ಮಂಚ, ಎಷ್ಟು ಎಲೆ ಊಟ ಎಂದೂ ಕೇಳಬೇಕು. ಪ್ರವೇಶಪಟ್ಟಿಯಲ್ಲಿ ಹೆಸರು ಬಂದೂ ಊರಿಗೆ ಮರಳುವವರು ಯಾವ ವಿಭಾಗದ ಚರಿತ್ರೆಯಲ್ಲೂ ದಾಖಲಾಗುವುದಿಲ್ಲ.