ಎಸ್. ನಿಜಲಿಂಗಪ್ಪನವರ ಚುನಾವಣಾ ಜೀವನ

ಎಸ್. ನಿಜಲಿಂಗಪ್ಪ (10 ಡಿಸೆಂಬರ್ 1902 – 8 ಆಗಸ್ಟ್ 2000) ಕರ್ನಾಟಕ ಏಕೀಕರಣ ಚಳವಳಿಯ ಮುಂದಾಳು ಹಾಗೂ ಏಕೀಕೃತ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ. 1952ರಿಂದ 1967ರವರೆಗಿನ ನಾಲ್ಕು ಸಾರ್ವತ್ರಿಕ ಚುನಾವಣೆಗಳಲ್ಲಿ ಮತ್ತು ಒಂದು ಉಪಚುನಾವಣೆಯಲ್ಲಿ ಅವರು ಐದು ಬೇರೆ ಬೇರೆ ಕ್ಷೇತ್ರಗಳಿಂದ ಸ್ಪರ್ಧಿಸಿದರು. ಮೊದಲ ಮೂರು ಕ್ಷೇತ್ರಗಳು ಹಳೆಯ ಮೈಸೂರು ಸಂಸ್ಥಾನದ ಚಿತ್ರದುರ್ಗ ಸೀಮೆಗೆ ಸೇರಿದ್ದರೆ, ಕೊನೆಯ ಎರಡು ಹಿಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದವು.

ಹಿನ್ನೆಲೆ
ನಿಜಲಿಂಗಪ್ಪನವರು ಅಂದಿನ ಬಳ್ಳಾರಿ ಜಿಲ್ಲೆಯ ಹಲುವಾಗಲು ಗ್ರಾಮದಲ್ಲಿ ಜನಿಸಿದರು. ದಾವಣಗೆರೆಯಲ್ಲಿ ವ್ಯಾಸಂಗ ಮಾಡಿ, ಮುಂದೆ ವಕೀಲರಾಗಿ ಚಿತ್ರದುರ್ಗವನ್ನು ತಮ್ಮ ಕಾರ್ಯಕ್ಷೇತ್ರವನ್ನಾಗಿಸಿಕೊಂಡರು. ಸಂವಿಧಾನ ರಚನಾ ಸಭೆಯ ಸದಸ್ಯರೂ ಆಗಿದ್ದರು. ಇಂದು ದಾವಣಗೆರೆ ಜಿಲ್ಲೆಯಲ್ಲಿರುವ ಜಗಳೂರು ತಾಲ್ಲೂಕು ಆಗ ಚಿತ್ರದುರ್ಗ ಜಿಲ್ಲೆಯ ಭಾಗವಾಗಿತ್ತು.

ಲೋಕಸಭೆಯಿಂದ ವಿಧಾನಸಭೆಗೆ
1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಅವರು ಕಾಂಗ್ರೆಸ್ ಅಭ್ಯರ್ಥಿಯಾಗಿ ಚಿತ್ರದುರ್ಗದಿಂದ ಲೋಕಸಭೆಗೆ ಆಯ್ಕೆಯಾದರು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದಾಗ ಮುಖ್ಯಮಂತ್ರಿ ಸ್ಥಾನ ಅವರಿಗೆ ಒದಗಿತು. 1957ರಲ್ಲಿ ಮೊಳಕಾಲ್ಮೂರು ಕ್ಷೇತ್ರದಿಂದ ವಿಧಾನಸಭೆಗೆ ಗೆದ್ದುಬಂದರು. ಅವರು ಬಿಟ್ಟ ಚಿತ್ರದುರ್ಗ ಲೋಕಸಭಾ ಸ್ಥಾನ ಮಾತ್ರ ಅದೇ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಕೈತಪ್ಪಿ, ಪ್ರಜಾ ಸೋಷಲಿಸ್ಟ್ ಪಕ್ಷದ ಜೆ. ಮೊಹಮದ್ ಇಮಾಮ್ ಅವರ ಪಾಲಾಯಿತು. ಇಮಾಮ್ ಜಗಳೂರಿನವರು. 1967ರಲ್ಲಿ ಸ್ವತಂತ್ರ ಪಕ್ಷದಿಂದ ಇದೇ ಕ್ಷೇತ್ರವನ್ನು ಅವರು ಮತ್ತೆ ಗೆದ್ದರು. ಪಕ್ಷದ ನಾಯಕನ ಸ್ವಂತ ಜಿಲ್ಲೆಯೆಂಬ ಕಾರಣಕ್ಕೆ ಕಾಂಗ್ರೆಸ್ಸಿಗೆ ಗೆಲುವು ಅಲ್ಲಿ ಖಚಿತವಾಗಿರಲಿಲ್ಲ ಎಂಬುದನ್ನು ಈ ಫಲಿತಾಂಶಗಳು ತೋರಿಸುತ್ತವೆ. ಪಕ್ಷದೊಳಗಿನ ಭಿನ್ನಮತದಿಂದಾಗಿ 1958ರ ಮೇ ತಿಂಗಳಲ್ಲಿ ನಿಜಲಿಂಗಪ್ಪನವರು ರಾಜೀನಾಮೆಯಿತ್ತರು. ಬಿ. ಡಿ. ಜತ್ತಿ ಅವರ ಉತ್ತರಾಧಿಕಾರಿಯಾದರು.

1962ರ ಸೋಲು
1962ರ ಚುನಾವಣೆಯಲ್ಲಿ ಕಾಂಗ್ರೆಸ್ 208 ಸ್ಥಾನಗಳಲ್ಲಿ 138ನ್ನು ಗಳಿಸಿತು. ಆದರೆ ಹೊಸದುರ್ಗದಲ್ಲಿ ಸ್ಪರ್ಧಿಸಿದ್ದ ನಿಜಲಿಂಗಪ್ಪನವರು ಪ್ರಜಾ ಸೋಷಲಿಸ್ಟ್ ಪಕ್ಷದ ಜಿ. ಟಿ. ರಂಗಪ್ಪನವರ ಎದುರು ಸೋತರು. ಪಕ್ಷ ಗೆದ್ದು ನಾಯಕ ಸೋತ ಈ ಸನ್ನಿವೇಶದಲ್ಲಿ ಹುನಗುಂದದ ಎಸ್. ಆರ್. ಕಂಠಿ ಮಾರ್ಚ್ 14ರಂದು ಮುಖ್ಯಮಂತ್ರಿಯಾದರು. ಬಾಗಲಕೋಟೆಯ ಶಾಸಕ ಬಿ. ಟಿ. ಮುರನಾಳ ತಮ್ಮ ಸ್ಥಾನವನ್ನು ತೆರವು ಮಾಡಿದರು. ಅಲ್ಲಿಯ ಉಪಚುನಾವಣೆಯಲ್ಲಿ ನಿಜಲಿಂಗಪ್ಪನವರು ಅವಿರೋಧವಾಗಿ ಆಯ್ಕೆಗೊಂಡರು. ಕಂಠಿಯವರು ಅಧಿಕಾರವನ್ನು ಬಿಟ್ಟುಕೊಟ್ಟ ಮೇಲೆ, ಜೂನ್ 21ರಂದು ಅವರು ಎರಡನೆಯ ಬಾರಿಗೆ ಮುಖ್ಯಮಂತ್ರಿಯಾದರು. ಕಂಠಿಯವರು ಅವರ ಸಂಪುಟದಲ್ಲಿ ಸಚಿವರಾಗಿ ಮುಂದುವರಿದರು.

ಸ್ವಂತ ಜಿಲ್ಲೆ ಕೈಬಿಟ್ಟ ನಾಯಕನನ್ನು ಉತ್ತರ ಕರ್ನಾಟಕ ಸ್ವೀಕರಿಸಿದ ಈ ಘಟನೆ ಏಕೀಕರಣವಾಗಿ ಆರು ವರ್ಷ ತುಂಬುವ ಮೊದಲೇ ನಡೆಯಿತು. ಹಳೆಯ ಪ್ರಾಂತಗಳ ಗಡಿಗಳು ರಾಜಕೀಯದಲ್ಲಿ ಸಡಿಲಗೊಳ್ಳುತ್ತಿದ್ದುದಕ್ಕೆ ಇದನ್ನು ನಿದರ್ಶನವಾಗಿ ನೋಡಬಹುದು.

ನಂತರದ ವರ್ಷಗಳು
1967ರಲ್ಲಿ ಅವರು ಧಾರವಾಡ ಜಿಲ್ಲೆಯ ಶಿಗ್ಗಾಂವಿಯಿಂದ (ಈಗ ಹಾವೇರಿ ಜಿಲ್ಲೆ) ಆಯ್ಕೆಯಾದರು. 1968ರಲ್ಲಿ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ, ಅದೇ ವರ್ಷದ ಮೇ ತಿಂಗಳಲ್ಲಿ ಮುಖ್ಯಮಂತ್ರಿ ಸ್ಥಾನವನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟುಕೊಟ್ಟರು. 1969ರಲ್ಲಿ ಕಾಂಗ್ರೆಸ್ ಇಬ್ಭಾಗವಾದಾಗ ಸಂಸ್ಥಾ ಕಾಂಗ್ರೆಸ್ಸಿನ ನೇತೃತ್ವ ಅವರದಾಗಿತ್ತು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳೂ ಇಂದಿರಾ ಗಾಂಧಿಯವರ ಕಾಂಗ್ರೆಸ್ಸಿಗೆ ದಕ್ಕಿದವು.

ಚುನಾವಣೆಗಳ ಸಾರಾಂಶ
1952 – ಲೋಕಸಭೆ – ಚಿತ್ರದುರ್ಗ – ಗೆಲುವು
1957 – ವಿಧಾನಸಭೆ – ಮೊಳಕಾಲ್ಮೂರು – ಗೆಲುವು
1962 – ವಿಧಾನಸಭೆ – ಹೊಸದುರ್ಗ – ಸೋಲು
1962 – ವಿಧಾನಸಭಾ ಉಪಚುನಾವಣೆ – ಬಾಗಲಕೋಟೆ – ಅವಿರೋಧ ಆಯ್ಕೆ
1967 – ವಿಧಾನಸಭೆ – ಶಿಗ್ಗಾಂವಿ – ಗೆಲುವು