ಅಂಕಲಿಯ ಅಶ್ವ, ಕುರಿಗಾರನ ತಟ್ಟು

ಮಗುವನ್ನು ಕೂರಿಸಲು ಎಂಥ ಕುದುರೆ ಬೇಕು ಎಂಬುದು ಪಟ್ಟಣದ ಸವಾರಿ ಶಾಲೆಗಳ ಜೊತೆ ಬಂದ ಹೊಸ ಪ್ರಶ್ನೆಯೆಂದು ತೋರಬಹುದು. ಕೃಷ್ಣೆಯ ಎರಡು ದಂಡೆಗಳಲ್ಲಿ ಹರಡಿಕೊಂಡ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಅದಕ್ಕೆ ಬಹಳ ಹಿಂದೆಯೇ ಉತ್ತರ ಸಿಕ್ಕಿದೆ. ಆ ಉತ್ತರವನ್ನು ಅಶ್ವಶಾಸ್ತ್ರದ ಗ್ರಂಥಗಳಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಕುರಿಹಿಂಡಿನ ಜೊತೆ ನಡೆಯುವ ತಟ್ಟಿನ ಬೆನ್ನ ಮೇಲೆ, ಪಂಢರಪುರದ ಆಷಾಢ ಪಾದಯಾತ್ರೆಯಾದ ವಾರಿಗೆಂದು ಅಂಕಲಿಯಿಂದ ಹೊರಡುವ ಜೋಡಿ ಕುದುರೆಗಳ ನಡತೆಯಲ್ಲಿ ಅದನ್ನು ಕಾಣಬೇಕು. ಈ ಭಾಗದ ಜನ ತಮ್ಮ ಬದುಕಿಗಾಗಿ ಆರಿಸಿ ಉಳಿಸಿಕೊಂಡದ್ದು ಸಾಧುವಾದ, ಗಟ್ಟಿಮುಟ್ಟಾದ, ಕಡಿಮೆ ಮೇವಿನಲ್ಲಿ ದೂರ ನಡೆಯಬಲ್ಲ ಕುದುರೆಯನ್ನು. ನಮ್ಮ ಚರಿತ್ರೆ ಬರೆದವರ ಕಣ್ಣು ಮಾತ್ರ ಎತ್ತರದ, ಕೆನೆಯುವ, ಮುಂಗಾಲೆತ್ತಿ ನಿಂತ ಕುದುರೆಯ ಮೇಲೆಯೇ ನೆಟ್ಟಿತು. ಹಾಗಾಗಿ ಇಲ್ಲಿನ ಕುದುರೆಯ ಕಥೆ ಅರ್ಧ ಮಾತ್ರ ಹೇಳಿದಂತಾಗಿದೆ ಎಂಬುದು ನನ್ನ ವಾದ.

ಗ್ರಂಥಗಳ ಮಾತನ್ನು ಮೊದಲು ನೋಡೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ದೇಶ, ಬಣ್ಣ, ಲಕ್ಷಣ, ಪಳಗಿಸುವ ಬಗೆ, ಅರಸರ ಕುದುರೆಯಾಟ ಎಲ್ಲವೂ ಇವೆ. 1400ರ ಸುಮಾರಿಗೆ ಅಭಿನವಚಂದ್ರ ಕನ್ನಡದಲ್ಲೇ ‘ಅಶ್ವವೈದ್ಯ’ ಬರೆದ. ಈ ಪರಂಪರೆಯ ನೋಟ ಅರಮನೆಯ ಲಾಯದ್ದು. ಉತ್ತಮ ಕುದುರೆ ದೂರದೇಶದಿಂದ ಬರುತ್ತದೆ ಎಂಬುದು ಅದರ ನಂಬಿಕೆ. ಮೈಮೇಲಿನ ಸುಳಿ ಎಲ್ಲಿದೆ, ಕೊರಳಡಿ ದೇವಮಣಿ ಇದೆಯೇ, ನಾಲ್ಕು ಕಾಲು ಮತ್ತು ಮೋರೆ ಬೆಳ್ಳಗಿದ್ದು ಪಂಚಕಲ್ಯಾಣಿ ಎನಿಸುತ್ತದೆಯೇ ಎಂಬುದು ಅದರ ಪರೀಕ್ಷೆ. ವಿಜಯನಗರದ ಅರಸ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ನೂನಿಜ್ 1530ರ ದಶಕದಲ್ಲಿ ಬರೆದಿದ್ದಾನೆ. ಹೊರ್ಮುಜಿನಿಂದ ಹಡಗೇರಿ ಬಂದ ಕುದುರೆಗಳ ವಿಷಯ ಹೇಳುವಾಗಲೆಲ್ಲ ಈ ಅಂಕಿ ಉದ್ಧರಿಸುವುದುಂಟು. ಆದರೆ ಅದೇ ಸಾಲಿನಲ್ಲಿ ಅವನು ನಾಡಕುದುರೆಗಳನ್ನೂ ಸೇರಿಸಿದ್ದಾನೆ. ಆ ಮಾತನ್ನು ನಾವು ಓದಿಯೂ ಓದದಂತೆ ದಾಟುತ್ತೇವೆ. ದಕ್ಷಿಣಕ್ಕೆ ತಂದ ಕುದುರೆಗಳು ಬಾಳದೆ ಸಾಯುತ್ತವೆ, ಅದಕ್ಕಾಗಿಯೇ ವರ್ಷವರ್ಷ ಮತ್ತೆ ತರಿಸುತ್ತಾರೆ ಎಂದು ಅದಕ್ಕೂ ಎರಡು ಶತಮಾನ ಹಿಂದೆಯೇ ಮಾರ್ಕೊ ಪೋಲೊ ಹೇಳಿದ್ದ. ಹೊರಗಿನ ಕುದುರೆ ದುಬಾರಿ, ಅದನ್ನು ಬದುಕಿಸಿಕೊಳ್ಳುವುದು ಇನ್ನೂ ದುಬಾರಿ. ಅರಸನಿಗೆ ಅದು ಸಾಧ್ಯ. ಅಥಣಿಯ ಒಕ್ಕಲಿಗನಿಗೆ ಸಾಧ್ಯವಿರಲಿಲ್ಲ.

ಈ ಐದು ತಾಲೂಕುಗಳು ಹಳೆಯ ದಾರಿಗಳ ಮೇಲೆ ಕೂತಿವೆ. ಆದಿಲಶಾಹಿ ಕಾಲದಲ್ಲಿ ಗೋವೆಯ ಬಂದರಿನಿಂದ ಘಟ್ಟ ಹತ್ತಿ ಬಿಜಾಪುರಕ್ಕೆ ಹೋಗುವ ಸರಕು ಈ ಕಡೆಯಿಂದ ಸಾಗುತ್ತಿತ್ತು. 17ನೇ ಶತಮಾನದ ಐರೋಪ್ಯ ಪ್ರವಾಸಿಗಳು, ವ್ಯಾಪಾರಿಗಳು ಅಥಣಿಯನ್ನೂ ರಾಯಬಾಗವನ್ನೂ ದೊಡ್ಡ ಪೇಟೆಗಳೆಂದು ಗುರುತಿಸಿದ್ದಾರೆ. ರಾಯಬಾಗದ ಮೆಣಸಿನ ವ್ಯಾಪಾರದ ಮೇಲೆ ಇಂಗ್ಲಿಷರ ಕಣ್ಣೂ ಇತ್ತು. ಪಡುವಣಕ್ಕೆ ನಿಪ್ಪಾಣಿಯ ಕಡೆ ವೇದಗಂಗೆ, ದೂಧಗಂಗೆಯ ಕಪ್ಪು ಎರೆ. ಮಳೆ ಬಿದ್ದರೆ ಗೊರಸು ಹುಗಿಯುವ ನೆಲ. ಮೂಡಣಕ್ಕೆ ಅಥಣಿ ದಾಟುತ್ತಿದ್ದಂತೆ ಮಳೆಯೇ ಅಪರೂಪ, ಕಲ್ಲುಮರಡಿಯ ಬಯಲು. ಹಸಿ ಹುಲ್ಲು ವರ್ಷದಲ್ಲಿ ನಾಲ್ಕಾರು ತಿಂಗಳು ಸಿಕ್ಕರೆ ಹೆಚ್ಚು. ಉಳಿದಂತೆ ಜೋಳದ ಕಣಿಕೆ, ಕೈಯಲ್ಲಿ ಕಾಸಿದ್ದರೆ ಒಂದಿಷ್ಟು ಹುರಳಿ. ಇಂಥ ನೆಲದಲ್ಲಿ ದಿನಾ ಬೇಕಾಗುವ ಕುದುರೆಯ ಗುಣಗಳನ್ನು ನೆಲವೇ ತೀರ್ಮಾನಿಸಿತು. ಭೀಮೆ, ನೀರಾ ನದಿಗಳ ದಂಡೆಯ ಗಿಡ್ಡ ಕುದುರೆಗಳನ್ನು ಮರಾಠಾ ಚರಿತ್ರೆ ಬರೆದ ಗ್ರ್ಯಾಂಟ್ ಡಫ್ ಕೂಡ ಮೆಚ್ಚಿದ್ದ. ಹೆಗಲ ಮಟ್ಟಕ್ಕೆ ಸುಮಾರು 130 ಸೆಂಟಿಮೀಟರ್ ನಿಲ್ಲುವ ಆ ದಖ್ಖನಿ ತಟ್ಟು ಅರಬಿ ಕುದುರೆಗಿಂತ ಒಂದು ಗೇಣು ಕುಳ್ಳು. ಕೃಷ್ಣೆಯ ಈ ಕಡೆಯ ಬಯಲಿಗೂ ಹೊಂದಿದ್ದು ಅದೇ ಮೈಕಟ್ಟು.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಇದು ದಂಡಾಳುಗಳ ಸೀಮೆ, ಯುದ್ಧಕ್ಕೆ ಹೋಗುವವನು ಸಾಧು ಕುದುರೆಯನ್ನು ಏಕೆ ಕೊಳ್ಳುತ್ತಾನೆ ಎಂದು ಕೇಳಬಹುದು. ಉತ್ತರ ಶಿಲೇದಾರನ ಮನೆಯ ಲೆಕ್ಕದಲ್ಲಿದೆ. ಮರಾಠಾ ದಂಡಿನಲ್ಲಿ ಬಾರಗೀರನಿಗೆ ಸರಕಾರದ ಕುದುರೆ. ಶಿಲೇದಾರ ಮಾತ್ರ ಸ್ವಂತ ಕುದುರೆ, ಸ್ವಂತ ಆಯುಧ ತಂದು ಸಂಬಳಕ್ಕೆ ನಿಲ್ಲುವವನು. ಕುದುರೆ ಸತ್ತರೆ, ಕುಂಟಾದರೆ ಅವನ ಚಾಕರಿಯೇ ಹೋಯಿತು. ಹಾಗಾಗಿ ಅವನಿಗೆ ಬೇಕಾದದ್ದು ಒಂದೇ ಏಟಿಗೆ ಓಡಿ ಬೆರಗು ಹುಟ್ಟಿಸುವ ಕುದುರೆಯಾಗಿರಲಿಲ್ಲ. ದಿನಗಟ್ಟಲೆ ನಡೆದು, ಸಿಕ್ಕಿದ್ದನ್ನು ಮೇದು, ರಾತ್ರಿ ಗೂಟಕ್ಕೆ ಕಟ್ಟಿದಲ್ಲಿ ಸುಮ್ಮನೆ ನಿಂತು, ಮಾರನೇ ಬೆಳಿಗ್ಗೆ ಜೀನು ಹಾಕಿಸಿಕೊಳ್ಳುವ ಕುದುರೆ. ನಿಪ್ಪಾಣಿಯ ಸಿದ್ದೋಜಿರಾವ್ ನಿಂಬಾಳಕರ ಸರಲಷ್ಕರ ಎಂಬ ಬಿರುದು ಹೊತ್ತವನು. ಇಂಗ್ಲಿಷ್ ಪತ್ರಗಳಲ್ಲಿ ಅಪ್ಪಾ ದೇಸಾಯಿಯಾಗಿ ಕಾಣಿಸುವ ಅವನು 1803ರಲ್ಲಿ ತನ್ನ ಸವಾರರೊಡನೆ ಇಂಗ್ಲಿಷ್ ಸೇನಾಪತಿ ವೆಲ್ಲೆಸ್ಲಿಯ ಪಾಳೆಯದಲ್ಲಿ ಉತ್ತರಕ್ಕೆ ನಡೆದ. ಕೃಷ್ಣೆಯ ಸೀಮೆಯಿಂದ ಗೋದಾವರಿಯಾಚೆಗೆ ತಿಂಗಳುಗಟ್ಟಲೆ ನಡೆದ ಆ ದಂಡಿಗೆ ಕಾದಾಟದ ದಿನಗಳು ಬೆರಳೆಣಿಕೆಯವು, ನಡಿಗೆಯ ದಿನಗಳೇ ನೂರಾರು. ಯುದ್ಧದ ಕುದುರೆಯ ಆಯುಷ್ಯದ ಬಹುಪಾಲು ಕಳೆಯುವುದು ನಡಿಗೆಯಲ್ಲಿ ಎಂಬುದನ್ನು ನಮ್ಮ ವೀರಕಥೆಗಳು ಮರೆತಿವೆ. 1839ರಲ್ಲಿ ಸಿದ್ದೋಜಿರಾವ್ ತೀರಿಕೊಂಡ ಮೇಲೆ ನಿಪ್ಪಾಣಿ ಸಂಸ್ಥಾನ ಕಂಪನಿ ಸರಕಾರದ ಪಾಲಾಯಿತು. ಸರದಾರಿಕೆಗಳು ಹೀಗೆ ಕರಗಿದಾಗ ಲಾಯದ ದೊಡ್ಡ ಕುದುರೆಗಳಿಗೆ ಆಸರೆ ತಪ್ಪಿತು. ತಟ್ಟು ಉಳಿಯಿತು, ಏಕೆಂದರೆ ಅದು ಯಾವ ಸರದಾರನ ಆಸರೆಯನ್ನೂ ನಂಬಿರಲಿಲ್ಲ.

ಅದನ್ನು ಉಳಿಸಿದವರು ಮುಖ್ಯವಾಗಿ ಕುರಿಗಾರರು. ರಾಯಬಾಗ, ಅಥಣಿ, ಚಿಕ್ಕೋಡಿಯ ಹಾಲುಮತದವರು, ಗಡಿಯಾಚೆಯ ಧನಗರರು ದಖ್ಖನಿ ಕುರಿಗಳ ಹಿಂಡನ್ನು ಮೇವಿದ್ದಲ್ಲಿಗೆ ಅಟ್ಟಿಕೊಂಡು ತಿಂಗಳುಗಟ್ಟಲೆ ಅಲೆಯುತ್ತಾರೆ. ಹಿಂಡಿನೊಡನೆ ಮನೆಯೇ ಹೊರಡುತ್ತದೆ: ಕಂಬಳಿ, ಪಾತ್ರೆ, ಹಿಟ್ಟಿನ ಚೀಲ, ಬಲೆ, ಗೂಟ, ಕೋಳಿ, ನಡೆಯಲಾರದ ಎಳೆ ಮರಿ. ಇವೆಲ್ಲದರ ಮೇಲೆ ಮನೆಯ ಚಿಕ್ಕ ಮಕ್ಕಳು. ಈ ದೃಶ್ಯ ರಸ್ತೆಯಲ್ಲಿ ಎಷ್ಟು ಸಾಮಾನ್ಯವೆಂದರೆ ಅದರ ಅರ್ಥವನ್ನು ಯಾರೂ ತಡೆದು ಯೋಚಿಸುವುದಿಲ್ಲ. ತಾಯಿಯೊಬ್ಬಳು ತನ್ನ ಕೂಸನ್ನು ಹೇರಿನ ಮೇಲೆ ಕೂರಿಸಿ, ತಾನು ಹಗ್ಗ ಹಿಡಿದು, ಲಾರಿ ಬಸ್ಸುಗಳ ನಡುವೆ ಮೈಲುಗಟ್ಟಲೆ ನಡೆಯುತ್ತಾಳೆ ಎಂದರೆ ಆ ಪ್ರಾಣಿಯ ಮೇಲೆ ಆಕೆಗಿರುವ ನಂಬಿಕೆ ಯಾವ ಲಕ್ಷಣಗ್ರಂಥದ ಪ್ರಮಾಣಕ್ಕಿಂತ ದೊಡ್ಡದು. ಬೆದರುವ, ಒದೆಯುವ, ಕಚ್ಚುವ ಕುದುರೆ ಅಲೆಮಾರಿ ಸಂಸಾರದಲ್ಲಿ ಒಂದು ಹಂಗಾಮು ನಿಲ್ಲಲಾರದು. ಅದನ್ನು ಮಾರಿಬಿಡುತ್ತಾರೆ, ಅದರ ಸಂತಾನ ಹಿಂಡಿನಲ್ಲಿ ಬೆಳೆಯುವುದಿಲ್ಲ. ಹೀಗೆ ತಲೆಮಾರುಗಳ ಕಾಲ ಸೋಸಿ ಸೋಸಿ ಸಾಧುತನವೇ ತಳಿಯ ಗುಣವಾಯಿತು. ಮೈಯಳತೆಯೂ ಮಗುವಿಗೆ ಅನುಕೂಲ. ಕುದುರೆ ತನ್ನ ಮೈತೂಕದ ಐದನೇ ಒಂದು ಪಾಲಿನಷ್ಟು ಹೊರೆಯನ್ನು ದಣಿಯದೆ ಒಯ್ಯಬಲ್ಲದು ಎಂಬುದು ಸವಾರರು ಸಾಮಾನ್ಯವಾಗಿ ಒಪ್ಪುವ ಲೆಕ್ಕ. 200 ಕಿಲೋ ತೂಗುವ ತಟ್ಟಿಗೆ 40 ಕಿಲೋ ಹೊರೆ ಎಂದಾಯಿತು. ಹತ್ತು ವರ್ಷದ ಮಗು, ಜೀನು ಎರಡೂ ಸೇರಿ ಅದರೊಳಗೇ ಬರುತ್ತವೆ. ಬಿದ್ದರೂ ಬೀಳುವ ಎತ್ತರ ಕಡಿಮೆ.

ಇದು ಬಡತನ ಹೇರಿದ ಆಯ್ಕೆಯೇ ಹೊರತು ಮೆಚ್ಚಿ ಮಾಡಿದ್ದಲ್ಲ, ಕೈಯಲ್ಲಿ ಹಣವಿದ್ದವರು ಬೇರೆಯದನ್ನೇ ಆರಿಸುತ್ತಿದ್ದರು ಎಂದು ಯಾರಾದರೂ ಹೇಳಿದರೆ ಅವರಿಗೆ ಅಂಕಲಿಯನ್ನು ತೋರಿಸಬೇಕು. ಚಿಕ್ಕೋಡಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿರುವ ಈ ಊರು ಶಿತೋಳೆ ಸರಕಾರದ ವಾಡೆಯ ಊರು. ಸಾತಾರ ಸೀಮೆಯ ಆರಫಳದ ಹೈಬತರಾವ್, ಶಿಂದೆಯವರ ಚಾಕರಿಯಲ್ಲಿದ್ದು ಆಮೇಲೆ ವಾರಕರಿಯಾಗಿ ಹೈಬತಬಾಬಾ ಎನಿಸಿಕೊಂಡವರು, 1832ರ ಸುಮಾರಿಗೆ ಜ್ಞಾನೇಶ್ವರರ ಪಲ್ಲಕ್ಕಿಯನ್ನು ಆಳಂದಿಯಿಂದ ಪಂಢರಪುರಕ್ಕೆ ಒಯ್ಯುವ ಈಗಿನ ಪದ್ಧತಿಗೆ ರೂಪ ಕೊಟ್ಟರು. ದಂಡಿನ ಶಿಸ್ತನ್ನೇ ಅವರು ಭಕ್ತಿಗೆ ತಂದರು: ದಿಂಡಿ ಎಂಬ ವಾರಕರಿ ತಂಡಗಳ ಕ್ರಮ, ಡೇರೆ, ತುತೂರಿ, ಕುದುರೆ. ಕುದುರೆ, ಡೇರೆ, ನೈವೇದ್ಯದ ಹೊಣೆ ಹೊತ್ತವರು ಅಂಕಲಿಯ ಶಿತೋಳೆಯವರು. ಇಂದಿಗೂ ಪ್ರತಿ ವರ್ಷ ಎರಡು ಕುದುರೆಗಳು ಅಂಕಲಿಯಿಂದ ಹೊರಟು, ಮಿರಜದ ಮೇಲೆ ಹಾದು, ಸುಮಾರು 300 ಕಿಲೋಮೀಟರ್ ನಡೆದು ಆಳಂದಿ ಸೇರುತ್ತವೆ. ಅಲ್ಲಿಂದ ಪಲ್ಲಕ್ಕಿಯೊಡನೆ ಪಂಢರಪುರಕ್ಕೆ ಮತ್ತೆ ಸುಮಾರು 250 ಕಿಲೋಮೀಟರ್. ಒಂದರ ಮೇಲೆ ಪತಾಕೆ ಹಿಡಿದ ಸವಾರ. ಇನ್ನೊಂದರ ಬೆನ್ನು ಖಾಲಿ, ಅದು ಮಾವುಲಿಯ, ಅಂದರೆ ಜ್ಞಾನೇಶ್ವರರ ಕುದುರೆ. ಒಂದು ದೊಡ್ಡ ಮನೆತನ, ಬೇಕಾದ ಕುದುರೆಯನ್ನು ಕೊಳ್ಳುವ ಶಕ್ತಿ ಇರುವವರು, ತಮ್ಮ ಹೆಸರು ಹೊತ್ತು ಲಕ್ಷಾಂತರ ಜನರ ನಡುವೆ ಹೋಗುವ ಕುದುರೆಯನ್ನು ಆರಿಸುವಾಗ ತಳಿ ಯಾವುದೇ ಇರಲಿ, ಬಣ್ಣ ಎಷ್ಟೇ ಚೆಂದವಿರಲಿ, ಕೊನೆಗೆ ಉಳಿಯುವ ಪ್ರಶ್ನೆ ಅದರ ಸ್ವಭಾವದ್ದೇ. ತಾಳ, ಮೃದಂಗ, ಜಯಘೋಷದ ನಡುವೆ, ಕಾಲಿಗೆ ಬೀಳಲು ಬರುವ ಜನರ ನಡುವೆ ಅದು ಒದೆಯಬಾರದು, ಹೌಹಾರಬಾರದು.

ಸಾಧು ಎಂದರೆ ಮಂದ, ಅಂಥ ಕುದುರೆಯ ಮೇಲೆ ಕೂತ ಮಗು ಸವಾರಿ ಕಲಿಯುವುದಿಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ವಾರಿಯ ರಿಂಗಣವನ್ನು ಕಂಡವರು ಇದನ್ನು ಒಪ್ಪಲಾರರು. ಪುರಂದವಡೆಯಂಥ ಊರುಗಳ ಬಯಲಿನಲ್ಲಿ ವಾರಕರಿಗಳು ಸುತ್ತುಗಟ್ಟಿ ನಿಂತಾಗ, ನಡುವೆ ಬಿಟ್ಟ ಕಿರಿದಾದ ಓಣಿಯಲ್ಲಿ ಈ ಕುದುರೆಗಳು ಪೂರ್ಣ ವೇಗದಲ್ಲಿ ಸುತ್ತು ಹಾಕುತ್ತವೆ. ಸವಾರನಿಲ್ಲದ ಕುದುರೆಯೂ ದಾರಿ ತಪ್ಪದೆ ಓಡುತ್ತದೆ. ಓಟ ಮುಗಿದೊಡನೆ ಜನ ಅದರ ಗೊರಸಿನ ದೂಳನ್ನು ಹಣೆಗೆ ಹಚ್ಚಿಕೊಳ್ಳಲು ನುಗ್ಗುತ್ತಾರೆ, ಅದು ನಿಲ್ಲುತ್ತದೆ. ಓಡಬೇಕಾದಾಗ ಓಟ, ನಿಲ್ಲಬೇಕಾದಾಗ ನಿಲುವು. ಮಂದ ಕುದುರೆಗೆ ಮೊದಲನೆಯದು ಬಾರದು, ಬಿಸಿರಕ್ತದ ಕುದುರೆಗೆ ಎರಡನೆಯದು ಬಾರದು. ಸಾಧುತನ ಹುಟ್ಟಿನಿಂದ ಸ್ವಲ್ಪ ಬರುತ್ತದೆ, ಉಳಿದದ್ದು ರೂಢಿಯಿಂದ. ಅಂಕಲಿಯಿಂದ ಆಳಂದಿಯವರೆಗಿನ ಆ ದೀರ್ಘ ನಡಿಗೆಯಲ್ಲಿ ರಸ್ತೆ, ಸದ್ದು, ಗುಂಪು ಎಲ್ಲವೂ ಕುದುರೆಗೆ ಒಗ್ಗಿರುತ್ತವೆ. ಲಾರಿಯಲ್ಲಿ ಹೇರಿ ಒಯ್ದಿದ್ದರೆ ಈ ಒಗ್ಗುವಿಕೆ ಸಿಗುತ್ತಿರಲಿಲ್ಲ. ಮಗುವಿಗೆ ಕುದುರೆ ನೋಡುವವರಿಗೆ ಇದರಲ್ಲಿ ನೇರವಾದ ಪಾಠವಿದೆ: ಎಳೆಯ, ಅನುಭವವಿಲ್ಲದ ಕುದುರೆಯನ್ನು ಮಗುವಿನ ಜೊತೆ ಬೆಳೆಯಲಿ ಎಂದು ತರುವುದು ತಪ್ಪು. ಕುದುರೆಯ ಮುಂಹಲ್ಲುಗಳು ಪೂರ್ತಿ ಬರಲು ಐದು ವರ್ಷ ಹಿಡಿಯುತ್ತದೆ. ಬಾಯಿಗೂಡಿದ ಮೇಲೂ ಕೆಲವು ವರ್ಷ ದುಡಿದು, ಲೋಕ ಕಂಡ ಕುದುರೆಯೇ ಮಗುವಿಗೆ ಗುರು.

ಈಗಿನ ಜಾತ್ರೆಗಳ ಮಾತು ಬೇರೆಯೇ ಇದೆ, ಅದನ್ನೂ ಎದುರಿಸಬೇಕು. ಈ ಸೀಮೆಯ ಊರೂರ ಜಾತ್ರೆಯಲ್ಲಿ ಕುದುರೆ ಗಾಡಿ ಶರ್ಯತ್ತು ನಡೆಯುತ್ತದೆ. ಒಂದು ಎತ್ತು ಒಂದು ಕುದುರೆ ಹೂಡಿ ಓಡಿಸುವ ಶರ್ಯತ್ತೂ ಉಂಟು. ಗೆದ್ದ ಕುದುರೆಗೆ ಬೆಲೆ ಏರುತ್ತದೆ, ಹುಡುಗರ ಬಾಯಲ್ಲಿ ಅದರ ಹೆಸರು. ಹಾಗಾದರೆ ಇಲ್ಲಿನ ಜನ ಮೆಚ್ಚುವುದು ವೇಗವನ್ನೇ ಅಲ್ಲವೇ? ಶರ್ಯತ್ತಿನ ದಿನ ಹೌದು. ಆದರೆ ಬಹುಮಾನದ ಕುದುರೆ ವರ್ಷದ ಕೆಲವೇ ದಿನಗಳದ್ದು. ನಿಪ್ಪಾಣಿ, ಅಥಣಿಗಳಿಗೆ ರೈಲು ಬರಲೇ ಇಲ್ಲ. ಚಿಕ್ಕೋಡಿಯ ಹೆಸರಿನ ನಿಲ್ದಾಣ ಊರಿನಿಂದ ಬಹುದೂರ. ಮೋಟಾರು ಬರುವವರೆಗೆ ಬಾಣಂತಿ, ಮುದುಕರು, ಮಕ್ಕಳನ್ನು ಊರು ಮುಟ್ಟಿಸಿದ ಟಾಂಗಾಗಳಿಗೆ ಕಟ್ಟಿದ ಕುದುರೆಗೆ ಯಾರೂ ಬಹುಮಾನ ಕೊಡಲಿಲ್ಲ. ಇದೇ ಅನ್ಯಾಯ ನಮ್ಮ ಪ್ರತಿಮೆಗಳಲ್ಲೂ ಇದೆ. 1778ರಲ್ಲಿ ಕಾಕತಿಯಲ್ಲಿ ಹುಟ್ಟಿದ ಕಿತ್ತೂರು ರಾಣಿ ಚೆನ್ನಮ್ಮ ಬಾಲ್ಯದಲ್ಲೇ ಕುದುರೆ ಸವಾರಿ ಕಲಿತಳೆಂದು ಶಾಲೆಯ ಮಕ್ಕಳೂ ಬಲ್ಲರು. ಹುಬ್ಬಳ್ಳಿಯ ವೃತ್ತದಲ್ಲಿ ಆಕೆ ಏರಿ ನಿಂತಿರುವುದು ರಾಣಿಯ ಕುದುರೆ. ಆ ಹುಡುಗಿಯನ್ನು ಮೊದಲ ಸಲ ಬೀಳಿಸದೆ ಹೊತ್ತ ಕುದುರೆಯನ್ನು ಯಾವ ಶಿಲ್ಪಿಯೂ ಕಡೆದಿಲ್ಲ. ಆದರೆ ಅಂಥದೊಂದು ಇಲ್ಲದೆ ಎರಡನೆಯದರ ಬೆನ್ನೇರುವ ಧೈರ್ಯ ಯಾವ ಮಗುವಿಗೂ ಬರುವುದಿಲ್ಲ.

ಇದೇ ನದಿಕಣಿವೆಯ ಕೃಷ್ಣಾ ಎತ್ತುಗಳಿಗೆ 19ನೇ ಶತಮಾನದಲ್ಲಿ ಸಾಂಗಲಿ, ಮಿರಜದ ಪಟವರ್ಧನ ಸಂಸ್ಥಾನಿಕರು ಬೆನ್ನಾಗಿ ನಿಂತರು, ಅವು ಹೆಸರುಳ್ಳ ತಳಿಯಾದವು. ತಟ್ಟಿಗೆ ಆ ಭಾಗ್ಯ ಬಂದದ್ದು ಬಹಳ ತಡವಾಗಿ. ಮಹಾರಾಷ್ಟ್ರದ ದಖ್ಖನಿ ಕುದುರೆಯನ್ನು ಭೀಮಥಡಿ ಎಂಬ ಹೆಸರಿನಲ್ಲಿ ದೇಶದ ಅಧಿಕೃತ ತಳಿಗಳ ಪಟ್ಟಿಗೆ ಸೇರಿಸಿದ್ದು ತೀರ ಈಚೆಗೆ. ಅಷ್ಟರಲ್ಲಿ ಕುರಿಗಾರರ ಮನೆಗಳಲ್ಲಿ ಹೇರು ಹೊರಲು ಸರಕು ರಿಕ್ಷಾ, ಮೋಟಾರು ಸೈಕಲ್ಲು ಬಂದಿವೆ. ಹೊರೆಗೆ ಬೇಡವಾದ ಕುದುರೆಯನ್ನು ಯಾವ ಬಡ ಸಂಸಾರವೂ ಪ್ರೀತಿಗಾಗಿಯೇ ಸಾಕಲಾರದು. ಕೃಷ್ಣೆಯ ದಂಡೆಯ ತಟ್ಟುಗಳ ಎತ್ತರ, ತೂಕ, ಸ್ವಭಾವವನ್ನು ಹಿಂಡು ಹಿಂಡಾಗಿ ಅಳೆದು ಬರೆದಿಡುವ ಕೆಲಸವನ್ನು ಕರ್ನಾಟಕದ ಪಶುವೈದ್ಯ ವಿಶ್ವವಿದ್ಯಾಲಯ ಮತ್ತು ಪಶುಪಾಲನಾ ಇಲಾಖೆ ಈಗಲೇ ಕೈಗೆತ್ತಿಕೊಳ್ಳಬೇಕು. ಅಳೆಯುವವರು ಮೊದಲು ಹೋಗಬೇಕಾದದ್ದು ಅಥಣಿ, ರಾಯಬಾಗದ ಕುರಿಗಾರ ಹೆಂಗಸರ ಬಳಿಗೆ. ಯಾವ ಕುದುರೆಯ ಮೇಲೆ ಕೂಸನ್ನು ಕೂರಿಸಬಹುದು, ಯಾವುದರ ಮೇಲೆ ಕೂಡದು ಎಂಬುದನ್ನು ಅವರು ಒಂದೊಂದನ್ನೂ ಬೆರಳು ಮಾಡಿ ತೋರಿಸಬಲ್ಲರು.